ಮಗುವಿಗೊಂದು ಗಿಟಾರ್ ಕೊಳ್ಳುವ ಮುನ್ನ

ಶಾಲೆ ಆರಂಭವಾಗುವ ಕಾಲಕ್ಕೆ ನಾವೆಲ್ಲರೂ ತಪ್ಪದೆ ಹೇಳುವ ಒಂದು ಮಾತಿದೆ. ಸಮವಸ್ತ್ರ ಹೊಲಿಸುವಾಗ ದರ್ಜಿಗೆ, “ಬೆಳೆಯೋ ಮಗು, ಒಂದೆರಡು ಇಂಚು ಜಾಸ್ತಿ ಇಡಿ” ಎನ್ನುತ್ತೇವೆ. ಶೂ ಕೊಳ್ಳುವಾಗಲೂ ಒಂದು ನಂಬರ್ ದೊಡ್ಡದನ್ನೇ ಆರಿಸಿ, ಮುಂದೆ ಸ್ವಲ್ಪ ಹತ್ತಿ ತುರುಕುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ. ತಿಂಗಳ ಸಂಬಳದಲ್ಲಿ ಮನೆ ನಡೆಸುವವರ ಜಾಣತನವಿದು. ಆದರೆ ಇದೇ ಜಾಣತನವನ್ನು ಗಿಟಾರ್ ಕೊಳ್ಳುವಾಗಲೂ ತೋರಿಸಲು ಹೋಗಿ ನಾವು ಎಡವಿದೆವು. ಎಡವಿದ್ದು ನಾವು; ನೋವುಂಡದ್ದು ನಮ್ಮ ಮಗಳು.

ಆಗ ಅವಳಿಗೆ ಎಂಟು ವರ್ಷ. ಕ್ರಿಸ್ಮಸ್ ರಾತ್ರಿಯ ಬಲಿಪೂಜೆಯಲ್ಲಿ ಗಾನವೃಂದದ ಯುವಕನೊಬ್ಬ ಗಿಟಾರ್ ನುಡಿಸುತ್ತಿದ್ದುದನ್ನು ಕಣ್ಣು ಮಿಟುಕಿಸದೆ ನೋಡಿದವಳು, ಮನೆಗೆ ಬರುವ ದಾರಿಯುದ್ದಕ್ಕೂ ಅದರ ಮಾತನ್ನೇ ಆಡಿದಳು. ಹೊಸ ವರ್ಷದ ವಾರದಲ್ಲಿ ನಗರದ ಅಂಗಡಿಯೊಂದಕ್ಕೆ ಅವಳನ್ನು ಕರೆದೊಯ್ದೆವು. ಗೋಡೆಯ ಮೇಲೆ ಚಿಕ್ಕ ಗಿಟಾರುಗಳೂ ಇದ್ದವು. ಅಂಗಡಿಯವರು ಮಾತ್ರ, “ಬೆಳೆಯೋ ಮಗು ಸಾರ್, ದೊಡ್ಡದೇ ತಗೊಳ್ಳಿ. ಇನ್ನೆರಡು ವರ್ಷಕ್ಕೆ ಮತ್ತೆ ದುಡ್ಡು ಹಾಕೋದು ಯಾಕೆ?” ಎಂದರು. ನಮ್ಮ ಮನಸ್ಸಿನಲ್ಲಿದ್ದ ಮಾತೂ ಅದೇ ಆಗಿತ್ತು! ಉಕ್ಕಿನ ತಂತಿಗಳ, ಕಪ್ಪಗೆ ಹೊಳೆಯುವ ದೊಡ್ಡ ಗಿಟಾರೊಂದು ನಮ್ಮ ಮನೆಗೆ ಬಂತು.

ಮೂರನೆಯ ವಾರಕ್ಕೆ ಅವಳ ಎಡಗೈ ಬೆರಳ ತುದಿಗಳಲ್ಲಿ ಕೆಂಪು ಗೀರುಗಳು ಮೂಡಿದ್ದವು. “ಅಪ್ಪಾ, ಇದು ಕಚ್ಚುತ್ತೆ” ಎಂದಳು. “ಅಭ್ಯಾಸ ಮಾಡಿದರೆ ಎಲ್ಲ ಸರಿಹೋಗುತ್ತೆ” ಎಂದೆವು. ಎರಡು ತಿಂಗಳಾದರೂ ಸರಿಹೋಗಲಿಲ್ಲ. ಆಗ, “ನಿನಗೆ ಶ್ರದ್ಧೆ ಇಲ್ಲ, ಸುಮ್ಮನೆ ದುಡ್ಡು ದಂಡ” ಎಂದುಬಿಟ್ಟೆವು. ಗಿಟಾರ್ ಬೀರುವಿನ ಮೇಲೇರಿತು. ನಾಲ್ಕು ವರ್ಷ ಅಲ್ಲೇ ಧೂಳು ತಿಂದಿತು.

ಅದು ಕೆಳಗಿಳಿದದ್ದು ನಮ್ಮ ಮಗ ತನಗೂ ಗಿಟಾರ್ ಬೇಕೆಂದು ಹಟ ಹಿಡಿದಾಗ. ಗಾನವೃಂದದಲ್ಲಿ ಬಹುಕಾಲ ನುಡಿಸಿದ ಹಿರಿಯರೊಬ್ಬರಿಗೆ ಅದನ್ನು ತೋರಿಸಿದೆವು. ಅವರು ಒಂದೆರಡು ಬಾರಿ ತಂತಿ ಒತ್ತಿ ನೋಡಿದರು, ಮುಖ ಕಿವುಚಿದರು, ಮಗನ ಕಂಪಾಸ್ ಬಾಕ್ಸಿನಿಂದ ಅಳತೆಪಟ್ಟಿ ತರಿಸಿ ತಂತಿಯ ಕೆಳಗಿಟ್ಟರು. “ಇಷ್ಟು ಎತ್ತರದ ತಂತಿ ಒತ್ತೋಕೆ ನನ್ನ ಕೈಗೇ ನೋವು. ಎಂಟು ವರ್ಷದ ಮಗು ಎರಡು ತಿಂಗಳು ಹೇಗೆ ನುಡಿಸಿತು?” ಎಂದರು. ಬಾಗಿಲ ಬಳಿ ನಿಂತಿದ್ದ ಮಗಳು ಮೆಲ್ಲಗೆ ಕೇಳಿದಳು: “ಹಾಗಾದ್ರೆ ತಪ್ಪು ನಂದಲ್ವಾ ಅಂಕಲ್?”

ಆ ಪ್ರಶ್ನೆ ನಮ್ಮನ್ನು ಇಂದಿಗೂ ಚುಚ್ಚುತ್ತದೆ. ನಾಲ್ಕು ವರ್ಷ ಆ ಮಗು ತನಗೆ ಸಂಗೀತ ಬರುವುದಿಲ್ಲ ಎಂದೇ ನಂಬಿತ್ತು. ದೋಷವಿದ್ದದ್ದು ಗಿಟಾರಿನಲ್ಲಿ, ಹೊರೆ ಹೊತ್ತದ್ದು ಮಗು. ಇಂಥ ಎಷ್ಟು ಗಿಟಾರುಗಳು ನಮ್ಮ ಮನೆಗಳ ಬೀರುಗಳ ಮೇಲೆ ಮಲಗಿವೆಯೋ! ಆ ಹಿರಿಯರಿಂದಲೂ, ಅನಂತರ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕರಿಂದಲೂ ನಾವು ಕಲಿತದ್ದನ್ನು ನಿಮ್ಮೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಕೈಗೆ ಎಟುಕುವ ಅಳತೆ

ಮೊದಲು ಗಿಟಾರಿನ ಕೆಲವು ಭಾಗಗಳನ್ನು ಗುರುತಿಸಿಕೊಳ್ಳೋಣ. ತಂತಿಗಳನ್ನು ಬಿಗಿಮಾಡುವ ಕೀಲಿಗಳಿರುವುದು ತಲೆಯ ಭಾಗದಲ್ಲಿ. ಅದರ ಕೆಳಗೆ ತಂತಿಗಳು ಗೀರುಗಳಲ್ಲಿ ಹಾದುಬರುವ ಚಿಕ್ಕ ಪಟ್ಟಿಗೆ ನಟ್ ಎನ್ನುತ್ತಾರೆ. ಎಡಗೈ ಓಡಾಡುವ ಉದ್ದನೆಯ ಭಾಗ ನೆಕ್. ಅದರ ಮೇಲಿನ ಲೋಹದ ಗೆರೆಗಳು ಫ್ರೆಟ್‌ಗಳು. ಒಡಲಿನ ಮೇಲೆ ತಂತಿಗಳನ್ನು ಕಟ್ಟಿರುವ ಮರದ ತುಂಡು ಬ್ರಿಡ್ಜ್. ಅದರಲ್ಲಿ ತಂತಿಗಳು ಏರಿ ಕೂರುವ ಬಿಳಿಯ ಪಟ್ಟಿ ಸ್ಯಾಡಲ್.

ನಟ್ಟಿನಿಂದ ಸ್ಯಾಡಲ್‌ವರೆಗೆ ಮಿಡಿಯುವ ತಂತಿಯ ಉದ್ದವೇ ಗಿಟಾರಿನ ನಿಜವಾದ ಅಳತೆ. ಪೂರ್ಣ ಅಳತೆಯ ಕ್ಲಾಸಿಕಲ್ ಗಿಟಾರಿನಲ್ಲಿ ಇದು ಸಾಮಾನ್ಯವಾಗಿ ೬೫೦ ಮಿ.ಮೀ. ಸ್ಪೇನ್ ದೇಶದ ಆಂಟೋನಿಯೊ ಡಿ ಟೊರೆಸ್ (೧೮೧೭-೧೮೯೨) ಎಂಬ ಕುಶಲಕರ್ಮಿಯ ಕೈಯಲ್ಲಿ ನೆಲೆಗೊಂಡ ಅಳತೆ ಅದು. ಬೆಳೆದವರ ಕೈಗೆಂದು ಮಾಡಿದ್ದು, ಮಕ್ಕಳ ಕೈಗಲ್ಲ. ಮಕ್ಕಳಿಗಾಗಿ ಕಾಲು, ಅರ್ಧ, ಮುಕ್ಕಾಲು ಎಂಬ ಅಳತೆಗಳಿವೆ. ಇವು ರೂಢಿಯ ಹೆಸರುಗಳೇ ಹೊರತು ಗಣಿತದ ಲೆಕ್ಕವಲ್ಲ. ಮುಕ್ಕಾಲು ಅಳತೆಯೆಂದು ಮಾರುವ ಯಮಹಾ ಸಿಎಸ್೪೦ ಗಿಟಾರಿನ ತಂತಿಯುದ್ದ ೫೮೦ ಮಿ.ಮೀ.; ಎಂದರೆ ಪೂರ್ಣ ಅಳತೆಯ ಹತ್ತರಲ್ಲಿ ಒಂಬತ್ತು ಪಾಲು. ಅರ್ಧ ಅಳತೆಯದು ಸುಮಾರು ೫೩೫ ಮಿ.ಮೀ. ಕಂಪನಿಯಿಂದ ಕಂಪನಿಗೆ ಇದು ಕೊಂಚ ಬದಲಾಗುತ್ತದೆ.

“ಇಷ್ಟು ಚಿಕ್ಕ ವ್ಯತ್ಯಾಸಕ್ಕೆ ಇಷ್ಟೊಂದು ಚಿಂತೆಯೇ?” ಎಂದು ನೀವು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಹೊಸದಾಗಿ ಕಲಿಯುವ ಮಗು ತನ್ನ ನಾಲ್ಕು ಬೆರಳುಗಳನ್ನು ಮೊದಲ ನಾಲ್ಕು ಫ್ರೆಟ್‌ಗಳ ಮೇಲೆ ಹರಡಬೇಕು. ಪೂರ್ಣ ಅಳತೆಯ ಗಿಟಾರಿನಲ್ಲಿ ನಟ್ಟಿನಿಂದ ನಾಲ್ಕನೆಯ ಫ್ರೆಟ್‌ವರೆಗಿನ ದೂರ ೧೩೪ ಮಿ.ಮೀ. ಮುಕ್ಕಾಲು ಅಳತೆಯದರಲ್ಲಿ ೧೨೦ ಮಿ.ಮೀ., ಅರ್ಧದಲ್ಲಿ ೧೧೦ ಮಿ.ಮೀ. ನಮ್ಮ ಕೈಗೆ ಒಂದೂವರೆ ಸೆಂ.ಮೀ. ಏನೂ ಅಲ್ಲ. ಎಂಟು ವರ್ಷದ ಮಗುವಿನ ಅಂಗೈಯನ್ನು ನಿಮ್ಮ ಅಂಗೈ ಮೇಲಿಟ್ಟು ನೋಡಿ, ಆಗ ತಿಳಿಯುತ್ತದೆ.

ವಯಸ್ಸಿಗಿಂತ ಎತ್ತರ ನೋಡಿ ಆರಿಸುವುದು ಮೇಲು. ಸ್ಥೂಲವಾಗಿ ಹೇಳುವುದಾದರೆ, ೧೧೫ ಸೆಂ.ಮೀ. ಎತ್ತರದವರೆಗೆ ಕಾಲು ಅಳತೆ, ೧೧೫ರಿಂದ ೧೩೦ರವರೆಗೆ ಅರ್ಧ, ೧೩೦ರಿಂದ ೧೫೦ರವರೆಗೆ ಮುಕ್ಕಾಲು, ಅದಕ್ಕೂ ಮೇಲಾದರೆ ಪೂರ್ಣ. ಆದರೆ ಪಟ್ಟಿಗಿಂತ ಮಗುವಿನ ಮೈಯೇ ಸರಿಯಾದ ಸಾಕ್ಷಿ. ಮಗುವನ್ನು ಕೈಗಳಿಲ್ಲದ ಕುರ್ಚಿಯಲ್ಲಿ ಕೂರಿಸಿ ಗಿಟಾರನ್ನು ತೊಡೆಯ ಮೇಲಿಡಿ. ಬಲಗೈ ಒಡಲನ್ನು ದಾಟಿ ಬರುವಾಗ ಭುಜ ಕಿವಿಯತ್ತ ಏರಿದರೆ ಗಿಟಾರ್ ದೊಡ್ಡದಾಯಿತು. ಎಡಗೈ ಮೊದಲನೆಯ ಫ್ರೆಟ್ ಮುಟ್ಟಿದಾಗ ಮೊಣಕೈ ಇನ್ನೂ ಮಡಿಚಿರಬೇಕು. ಕೈ ನೆಟ್ಟಗೆ ಚಾಚಿಹೋದರೂ ದೊಡ್ಡದೇ.

ಒಡಲಿನ ಗಾತ್ರವನ್ನೂ ಮರೆಯಬಾರದು. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ, ಸೊಂಟ ಅಷ್ಟಾಗಿ ಸಣ್ಣಗಿರದ ದೊಡ್ಡ ಗಿಟಾರಿನ ಮಾದರಿಗೆ ಡ್ರೆಡ್‌ನಾಟ್ ಎಂದು ಹೆಸರು. ೧೯೧೬ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ಇದನ್ನು ಮೊದಲು ತಯಾರಿಸಿತು. ಹೆಸರು ಬಂದದ್ದು ಬ್ರಿಟಿಷರ ಭಾರಿ ಯುದ್ಧನೌಕೆಯೊಂದರಿಂದ! ಕೆಳಭಾಗದಲ್ಲಿ ಸುಮಾರು ೪೦ ಸೆಂ.ಮೀ. ಅಗಲ, ೧೨ ಸೆಂ.ಮೀ. ಆಳ. ನಾವು ಎಂಟು ವರ್ಷದ ಮಗಳ ತೊಡೆಯ ಮೇಲೆ ಇಟ್ಟದ್ದು ಇಂಥದೊಂದು ಯುದ್ಧನೌಕೆಯನ್ನೇ.

ನೈಲಾನೋ, ಉಕ್ಕೋ?

ಅಳತೆಯ ನಂತರ ತಂತಿಯ ವಿಚಾರ. ಕ್ಲಾಸಿಕಲ್ ಗಿಟಾರಿಗೆ ನೈಲಾನ್ ತಂತಿ. ಚಲನಚಿತ್ರ ಗೀತೆಗಳಲ್ಲೂ ಗಾನವೃಂದಗಳಲ್ಲೂ ನಾವು ಹೆಚ್ಚಾಗಿ ಕೇಳುವ ಅಕೌಸ್ಟಿಕ್ ಗಿಟಾರಿಗೆ ಉಕ್ಕಿನ ತಂತಿ. ಆರು ನೈಲಾನ್ ತಂತಿಗಳು ಒಟ್ಟಾಗಿ ಸುಮಾರು ೪೦ ಕಿಲೋ ಬಲದಿಂದ ಎಳೆಯುತ್ತವೆ. ಉಕ್ಕಿನ ತಂತಿಗಳ ಎಳೆತ ಸುಮಾರು ೭೦ ಕಿಲೋ. ಒತ್ತುವ ಬೆರಳಿಗೆ ಗೊತ್ತಾಗುವುದು ಈ ವ್ಯತ್ಯಾಸವೇ. ಜೊತೆಗೆ ಉಕ್ಕಿನ ತಂತಿ ಸಣ್ಣ, ಚರ್ಮವನ್ನು ಕೊಯ್ಯುವಂತಿರುತ್ತದೆ. ನೈಲಾನ್ ದಪ್ಪ, ಮೆದು.

ಗಿಟಾರಿನ ಇತಿಹಾಸದಲ್ಲಿ ಉಕ್ಕು ತಡವಾಗಿ ಬಂದ ಅತಿಥಿ. ನಾವು ಕ್ರಿಸ್ಮಸ್ಸಿನಲ್ಲಿ ಹಾಡುವ ‘ಸೈಲೆಂಟ್ ನೈಟ್’ ಗೀತೆ ಮೊದಲು ಕೇಳಿಬಂದದ್ದು ಗಿಟಾರಿನೊಡನೆಯೇ ಎಂಬುದು ನಿಮಗೆ ಗೊತ್ತೇ? ೧೮೧೮ರ ಡಿಸೆಂಬರ್ ೨೪ರಂದು ಆಸ್ಟ್ರಿಯ ದೇಶದ ಒಬೆರ್ನ್‌ಡಾರ್ಫ್ ಎಂಬ ಊರಿನ ಸಂತ ನಿಕೋಲಾಸರ ದೇವಾಲಯದಲ್ಲಿ ಸಹಾಯಕ ಗುರು ಜೋಸೆಫ್ ಮೋರ್ ಗಿಟಾರ್ ನುಡಿಸುತ್ತಾ ಹಾಡಿದರು. ರಾಗ ಸಂಯೋಜಿಸಿದ ಶಾಲಾ ಶಿಕ್ಷಕ ಫ್ರಾಂಜ್ ಗ್ರೂಬರ್ ದನಿಗೂಡಿಸಿದರು. ಆ ಕಾಲದ ಗಿಟಾರುಗಳು ಇಂದಿನವಕ್ಕಿಂತ ಚಿಕ್ಕವು. ಮೇಲಿನ ತಂತಿಗಳು ಪ್ರಾಣಿಗಳ ಕರುಳಿನಿಂದ ಮಾಡಿದವು. ಕರುಳಿನ ಬದಲು ನೈಲಾನ್ ಬಂದದ್ದು ೧೯೪೦ರ ದಶಕದಲ್ಲಿ. ನ್ಯೂಯಾರ್ಕಿನ ಆಲ್ಬರ್ಟ್ ಅಗಸ್ಟೀನ್ ಅವನ್ನು ರೂಪಿಸಿದರು, ಹೆಸರಾಂತ ವಾದಕ ಆಂಡ್ರೆಸ್ ಸೆಗೋವಿಯಾ ಬೆಂಬಲಕ್ಕೆ ನಿಂತರು. ಆದ್ದರಿಂದ ಚಿಕ್ಕ ಗಿಟಾರ್, ಮೆದು ತಂತಿ ಎಂದರೆ ಆಟಿಕೆ ಎಂದು ಯಾರೂ ಮೂಗು ಮುರಿಯಬೇಕಾಗಿಲ್ಲ.

ಹತ್ತು ವರ್ಷದೊಳಗಿನ ಮಗುವಿಗೆ ಬಹುಮಟ್ಟಿಗೆ ನೈಲಾನ್ ಒಳ್ಳೆಯದು. ಅದಕ್ಕೊಂದು ತೊಡಕೂ ಇದೆ. ಪೂರ್ಣ ಅಳತೆಯ ಕ್ಲಾಸಿಕಲ್ ಗಿಟಾರಿನ ನೆಕ್ ನಟ್ಟಿನ ಬಳಿ ೫೨ ಮಿ.ಮೀ. ಅಗಲ, ಉಕ್ಕಿನ ತಂತಿಯದು ಸುಮಾರು ೪೩ ಮಿ.ಮೀ. ಹಾಗಾಗಿ ನೈಲಾನ್ ಎಂದು ಪೂರ್ಣ ಅಳತೆಯದನ್ನು ಕೊಂಡರೆ ಪುಟ್ಟ ಕೈಗೆ ನೆಕ್ ಹಿಡಿಯುವುದೇ ಕಷ್ಟ. ಮಕ್ಕಳ ಅಳತೆಯಲ್ಲಿ ನೆಕ್ ಕೂಡ ಕಿರಿದಾಗುತ್ತದೆ. ಹತ್ತು ಹನ್ನೆರಡು ದಾಟಿದ ಮಗು ಉಕ್ಕಿನ ತಂತಿಯ ನಾದವನ್ನೇ ಬಯಸಿದರೆ ಕೊಡಿಸಬಹುದು. ತಂತಿ ಮಾತ್ರ ಎಕ್ಸ್‌ಟ್ರಾ ಲೈಟ್ ಇರಲಿ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಇನ್ನೂ ಸಣ್ಣ, ಒತ್ತುವುದು ಇನ್ನೂ ಸುಲಭ. ಆದರೆ ಆಂಪ್ಲಿಫೈಯರ್ ಖರ್ಚು ಬೇರೆ ಸೇರುತ್ತದೆ.

ಒಂದು ಎಚ್ಚರಿಕೆ: ನೈಲಾನ್ ತಂತಿಯ ಗಿಟಾರಿಗೆ ಎಂದೂ ಉಕ್ಕಿನ ತಂತಿ ಹಾಕಿಸಬೇಡಿ. ೪೦ ಕಿಲೋ ಎಳೆತಕ್ಕೆಂದು ಮಾಡಿದ ಮರದ ಮೇಲೆ ೭೦ ಕಿಲೋ ಬಿದ್ದರೆ ಬ್ರಿಡ್ಜ್ ಕಿತ್ತು ಬರುತ್ತದೆ, ನೆಕ್ ಬಾಗುತ್ತದೆ.

ತಂತಿಯ ಎತ್ತರ

ನಮ್ಮ ಮಗಳ ಬೆರಳನ್ನು ‘ಕಚ್ಚಿದ್ದು’ ಇದೇ. ಫ್ರೆಟ್‌ಗಳಿಂದ ತಂತಿಗಿರುವ ಎತ್ತರಕ್ಕೆ ಆಕ್ಷನ್ ಎನ್ನುತ್ತಾರೆ. ಅದು ಹೆಚ್ಚಿದಷ್ಟೂ ಬೆರಳು ಜೋರಾಗಿ ಒತ್ತಬೇಕು. ಅಷ್ಟೇ ಅಲ್ಲ, ತಂತಿ ಹೆಚ್ಚು ಬಾಗಿ ಸ್ವರವೂ ಏರಿಬಿಡುತ್ತದೆ. ಮಗು ಸರಿಯಾದ ಜಾಗದಲ್ಲೇ ಒತ್ತಿದರೂ ಅಪಸ್ವರ!

ಅಳೆಯುವುದು ಸುಲಭ. ಶೂನ್ಯ ಅಂಚಿನಿಂದಲೇ ಆರಂಭವಾಗುವ ಉಕ್ಕಿನ ಅಳತೆಪಟ್ಟಿಯನ್ನು ಹನ್ನೆರಡನೆಯ ಫ್ರೆಟ್ ಮೇಲೆ ನಿಲ್ಲಿಸಿ, ಅತಿ ದಪ್ಪ ತಂತಿಯ ಕೆಳಗಿನವರೆಗೆ ನೋಡಿ. ಉಕ್ಕಿನ ತಂತಿಯಾದರೆ ಸುಮಾರು ಎರಡೂವರೆ ಮಿ.ಮೀ., ನೈಲಾನ್ ಆದರೆ ಸುಮಾರು ನಾಲ್ಕು ಮಿ.ಮೀ. ಇರಬೇಕು. ನಮ್ಮ ಉಕ್ಕಿನ ಗಿಟಾರಿನಲ್ಲಿ ನಾಲ್ಕನ್ನೂ ಮೀರಿತ್ತು. ಇನ್ನೊಂದು ಪರೀಕ್ಷೆ ನಟ್ಟಿನದು. ತಂತಿಯನ್ನು ಮೂರನೆಯ ಫ್ರೆಟ್ ಹತ್ತಿರ ಒತ್ತಿ ಹಿಡಿದು ಮೊದಲನೆಯ ಫ್ರೆಟ್ ನೋಡಿ. ಅಲ್ಲಿ ತಂತಿಗೂ ಫ್ರೆಟ್ಟಿಗೂ ನಡುವೆ ಕಾಗದದಷ್ಟು ಸಂದು ಸಾಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ನಟ್ಟಿನ ಗೀರುಗಳು ಆಳವಾಗಿಲ್ಲ ಎಂದರ್ಥ. ಮಗು ಮೊದಲು ನುಡಿಸುವುದೇ ಆ ಜಾಗದಲ್ಲಿ.

ಒಳ್ಳೆಯ ಸುದ್ದಿಯೆಂದರೆ, ಇದು ರಿಪೇರಿಯಾಗುವ ದೋಷ. ನಟ್ಟಿನ ಗೀರುಗಳನ್ನು ಅರದಿಂದ ಆಳಮಾಡುತ್ತಾರೆ, ಸ್ಯಾಡಲ್‌ನ ತಳವನ್ನು ತೇಯುತ್ತಾರೆ. ಹನ್ನೆರಡನೆಯ ಫ್ರೆಟ್‌ನಲ್ಲಿ ಒಂದು ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ ಎರಡು ಮಿ.ಮೀ. ತೇಯಬೇಕು. ಉಕ್ಕಿನ ತಂತಿಯ ಗಿಟಾರುಗಳ ನೆಕ್ ಒಳಗೆ ಸಾಮಾನ್ಯವಾಗಿ ಒಂದು ಸರಳಿರುತ್ತದೆ. ನೆಕ್ ಬಾಗಿದ್ದರೆ ಅದನ್ನು ತಿರುಗಿಸಿ ಸರಿಪಡಿಸುತ್ತಾರೆ. ಇವನ್ನು ಬಲ್ಲವರ ಕೈಯಲ್ಲಿ ಮಾಡಿಸಿ. ತೇಯ್ದದ್ದು ಮತ್ತೆ ಬೆಳೆಯುವುದಿಲ್ಲ. ಈ ಕೆಲಸಕ್ಕೆ ಸೆಟಪ್ ಎನ್ನುತ್ತಾರೆ. ನಿಮ್ಮ ಬಳಿಯಿರುವ ಹಣವನ್ನೆಲ್ಲ ಗಿಟಾರಿಗೇ ಸುರಿಯದೆ ಸೆಟಪ್, ಒಂದು ಜೊತೆ ಹೊಸ ತಂತಿ, ಒಂದು ಒಳ್ಳೆಯ ಚೀಲ, ಇವಕ್ಕೂ ಸ್ವಲ್ಪ ಉಳಿಸಿಕೊಳ್ಳಿ.

ಅಂಗಡಿಯಲ್ಲಿ ಹತ್ತು ನಿಮಿಷ

ಅಂಗಡಿಗೆ ಹೋಗುವಾಗ ಮಗುವನ್ನೂ, ಸಾಧ್ಯವಾದರೆ ಗಿಟಾರ್ ಬಲ್ಲ ಒಬ್ಬರನ್ನೂ ಜೊತೆಗೆ ಕರೆದೊಯ್ಯಿರಿ. ಕಲಿಸುವ ಶಿಕ್ಷಕರನ್ನು ಮೊದಲೇ ಗೊತ್ತುಮಾಡಿಕೊಂಡಿದ್ದರೆ ಅವರನ್ನೇ ಕೇಳುವುದು ಇನ್ನೂ ಮೇಲು. ಯಾರೂ ಸಿಗದಿದ್ದರೂ ಅಂಜಬೇಕಿಲ್ಲ. ಗಿಟಾರ್ ನುಡಿಸಲು ಬಾರದ ತಂದೆ ತಾಯಿಯೂ ಈ ಪರೀಕ್ಷೆಗಳನ್ನು ಮಾಡಬಹುದು.

ಅಂಗೈಯನ್ನು ನೆಕ್ಕಿನ ಎರಡೂ ಅಂಚುಗಳ ಮೇಲೆ ಸವರಿ. ಫ್ರೆಟ್‌ಗಳ ತುದಿ ಚುಚ್ಚಬಾರದು. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲೂ ಒತ್ತಿ ಮೀಟಿ; ಝರ್ ಎಂಬ ಸದ್ದು ಬರಬಾರದು. ಕೀಲಿಗಳು ಸಡಿಲವಾಗಿರದೆ, ಸಿಕ್ಕಿಕೊಳ್ಳದೆ ಸರಾಗವಾಗಿ ತಿರುಗಬೇಕು. ಬ್ರಿಡ್ಜ್ ಹಿಂಬದಿಯಲ್ಲಿ ಕಾಗದದ ತುದಿ ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಟ್ಟಿದೆ ಎಂದರ್ಥ.

ಕೊನೆಯದಾಗಿ ಸ್ವರಶುದ್ಧಿ. ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಟ್ಯೂನರ್ ಆ್ಯಪ್ ತೆರೆದು, ದಪ್ಪ ತಂತಿಯಿಂದ ಆರಂಭಿಸಿ ಇ, ಎ, ಡಿ, ಜಿ, ಬಿ, ಇ ಎಂದು ಶ್ರುತಿ ಮಾಡಿಸಿ. ಅನಂತರ ಪ್ರತಿ ತಂತಿಯನ್ನೂ ಹನ್ನೆರಡನೆಯ ಫ್ರೆಟ್ ಹತ್ತಿರ ಒತ್ತಿ ಮೀಟಿ. ಅದೇ ಅಕ್ಷರ ಬರಬೇಕು, ಮುಳ್ಳು ನಡುವಿನ ಆಸುಪಾಸಿನಲ್ಲೇ ನಿಲ್ಲಬೇಕು. ಬಹಳ ಆಚೀಚೆ ಹೋಗುವ ಗಿಟಾರ್ ಎಷ್ಟು ಅಗ್ಗವಾದರೂ ಬೇಡ. ಅದರಲ್ಲಿ ಕಲಿತ ಮಗುವಿನ ಕಿವಿ ಕೆಡುತ್ತದೆ.

ಬಣ್ಣ, ಹೊಳಪು, ಚಿತ್ರಗಳಿಗೆ ಮಾರುಹೋಗಬೇಡಿ. ಮೇಲ್ಪದರ ಒಂದೇ ಮರದ ಹಲಗೆಯಾಗಿರಬೇಕೆಂಬ ಹಟವೂ ಬೇಡ. ಪದರಗಳನ್ನು ಅಂಟಿಸಿದ ಲ್ಯಾಮಿನೇಟೆಡ್ ಹಲಗೆ ನಾದದಲ್ಲಿ ಕೊಂಚ ಕಡಿಮೆಯಾದರೂ ಪೆಟ್ಟನ್ನೂ ಹವೆಯ ಏರುಪೇರನ್ನೂ ಚೆನ್ನಾಗಿ ತಾಳುತ್ತದೆ. ಇನ್ನು ಎಡಚ ಮಕ್ಕಳ ವಿಷಯ: ಗಿಟಾರಿನಲ್ಲಿ ಎರಡು ಕೈಗೂ ಸಮನಾದ ಕೆಲಸವಿರುವುದರಿಂದ ಹಲವರು ಸಾಮಾನ್ಯ ಗಿಟಾರಿನಲ್ಲೇ ಕಲಿಯುತ್ತಾರೆ. ಮಗು ಎರಡೂ ರೀತಿ ಹಿಡಿದು ನೋಡಲಿ, ಬಲವಂತ ಬೇಡ. ಆನ್‌ಲೈನ್‌ನಲ್ಲಿ ಕೊಳ್ಳುವವರು ಹಿಂದಿರುಗಿಸುವ ಅವಕಾಶ ಎಷ್ಟು ದಿನ ಎಂದು ನೋಡಿಕೊಂಡು, ಅಷ್ಟರೊಳಗೆ ಈ ಪರೀಕ್ಷೆಗಳನ್ನೆಲ್ಲ ಮನೆಯಲ್ಲೇ ಮುಗಿಸಲಿ.

ಮನೆಗೆ ಬಂದ ಮೇಲೆ

ಒಳ್ಳೆಯ ಗಿಟಾರಿನಲ್ಲೂ ಮೊದಲ ಕೆಲವು ವಾರ ಬೆರಳ ತುದಿ ನೋಯುತ್ತದೆ, ಆಮೇಲೆ ಚರ್ಮ ಗಟ್ಟಿಯಾಗುತ್ತದೆ. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಎಡಗೈ ಉಗುರು ಕತ್ತರಿಸಿರಲಿ. ಆದರೆ ದಿನೇ ದಿನೇ ಕಡಿಮೆಯಾಗದ ನೋವು, ಮಣಿಕಟ್ಟಿನ ನೋವು, ಭುಜದ ನೋವು ಇವನ್ನು ಸೋಮಾರಿತನವೆಂದು ಬಗೆಯಬೇಡಿ. ಮೊದಲು ಗಿಟಾರನ್ನು ಪರೀಕ್ಷಿಸಿ, ಆಮೇಲೆ ಮಗುವನ್ನು. ಹೊಸ ತಂತಿಗಳು, ಅದರಲ್ಲೂ ನೈಲಾನ್, ಹಿಗ್ಗುತ್ತಲೇ ಇರುತ್ತವೆ. ಆದ್ದರಿಂದ ಪ್ರತಿದಿನ ಶ್ರುತಿ ಮಾಡಿದ ಮೇಲೆಯೇ ಅಭ್ಯಾಸ ಆರಂಭವಾಗಲಿ.

ನಮ್ಮ ನಾಡಿನ ಹವೆಯನ್ನೂ ಗಮನಿಸಬೇಕು. ಗಿಟಾರಿನ ಮರಕ್ಕೆ ಹಿತವಾದ ತೇವಾಂಶ ಶೇಕಡ ೪೫ರಿಂದ ೫೫. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ತಂತಿಯ ಎತ್ತರ ಏರುತ್ತದೆ, ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ. ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ಅದೇ ಮರ ಒಣಗಿ ಕುಗ್ಗಿ, ಫ್ರೆಟ್ ತುದಿಗಳು ಹೊರಚಾಚುತ್ತವೆ, ಒಮ್ಮೊಮ್ಮೆ ಬಿರುಕೂ ಬಿಡುತ್ತದೆ. ಮಳೆಗೆ ನೆನೆಯುವ ಗೋಡೆಗೆ ಒರಗಿಸಬೇಡಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿಗಳ ಬೆವರು ಒರೆಸಿ ಚೀಲದಲ್ಲಿಡುವ ಅಭ್ಯಾಸವನ್ನು ಮಗುವಿಗೇ ಕಲಿಸಿ.

ಎರಡು ವರ್ಷದ ನಂತರ?

ಉಳಿದಿರುವುದು ಅಂಗಡಿಯವರ ಪ್ರಶ್ನೆ: ಇನ್ನೆರಡು ವರ್ಷಕ್ಕೆ ಮತ್ತೆ ದುಡ್ಡು ಹಾಕುವುದು ಯಾಕೆ? ಪ್ರಶ್ನೆ ನ್ಯಾಯವಾದದ್ದೇ. ಮುಕ್ಕಾಲು ಗಿಟಾರ್ ಒಂದು ಮಗುವಿಗೆ ಬೇಕಾಗುವುದು ಎರಡು ಮೂರು ವರ್ಷ ಮಾತ್ರ. ಆದರೆ ಗಿಟಾರಿನ ಆಯುಷ್ಯ ಅದಕ್ಕಿಂತ ಬಹಳ ಹೆಚ್ಚು. ಅಣ್ಣನ ಪುಸ್ತಕ ತಮ್ಮನಿಗೆ, ಅಕ್ಕನ ಫ್ರಾಕು ತಂಗಿಗೆ ಬರುವ ಮನೆಗಳು ನಮ್ಮವು. ನಮ್ಮ ಧರ್ಮಕೇಂದ್ರದ ಕುಟುಂಬಗಳ ನಡುವೆ ಚಿಕ್ಕ ಗಿಟಾರುಗಳೂ ಹಾಗೆಯೇ ಕೈಯಿಂದ ಕೈಗೆ ದಾಟಬಾರದೇಕೆ? ನಿಮ್ಮ ಮಗು ಬೆಳೆದು ಬಿಟ್ಟ ಗಿಟಾರ್ ಇನ್ನೊಂದು ಮನೆಯ ಮಗುವಿಗೆ ಸರಿಯಾದ ಅಳತೆಯಾದೀತು. ಹೊಸ ತಂತಿಗಳಷ್ಟೇ ಖರ್ಚು. ಹಳೆಯದನ್ನು ಕೊಳ್ಳುವವರೂ ಮೇಲಿನ ಪರೀಕ್ಷೆಗಳನ್ನು ಮಾಡಿಯೇ ಕೊಳ್ಳಲಿ.

ನಮ್ಮ ಮನೆಯಲ್ಲಿ ಆದದ್ದೂ ಹೀಗೆಯೇ. ಮಗನಿಗೆ ಪರಿಚಿತರ ಮನೆಯಿಂದ ನೈಲಾನ್ ತಂತಿಯ ಮುಕ್ಕಾಲು ಗಿಟಾರ್ ಬಂತು. ಕಪ್ಪು ಗಿಟಾರನ್ನು ರಿಪೇರಿಗೆ ಕೊಟ್ಟೆವು. ನೆಕ್ಕಿನ ಸರಳು ಬಿಗಿಯಾಯಿತು, ನಟ್ಟು ಸ್ಯಾಡಲ್ಲು ಸರಿಯಾದವು, ಎಕ್ಸ್‌ಟ್ರಾ ಲೈಟ್ ತಂತಿಗಳು ಬಂದವು. ಹನ್ನೆರಡು ತುಂಬಿದ ಮಗಳಿಗೆ ಅದರ ಅಳತೆಯೂ ಈಗ ಹೊಂದುತ್ತಿತ್ತು. ಅದನ್ನು ಅವಳ ಕೈಗಿಡುವ ಮೊದಲು ನಾವಿಬ್ಬರೂ ಅವಳ ಮುಂದೆ ಕುಳಿತು, “ತಪ್ಪು ನಮ್ಮದು ಮಗಳೇ, ನಿನ್ನದಲ್ಲ” ಎಂದೆವು. ಆಕೆ ಏನೂ ಹೇಳಲಿಲ್ಲ. ಒಂದು ತಂತಿ ಒತ್ತಿದಳು, ಮೀಟಿದಳು, ಬೆರಳ ತುದಿಯನ್ನು ತಿರುಗಿಸಿ ನೋಡಿಕೊಂಡಳು. ಮತ್ತೆ ಒತ್ತಿದಳು.

ಪ್ರಿಯ ಪೋಷಕರೇ, ನಮ್ಮ ಮಕ್ಕಳೆಲ್ಲರೂ ದೊಡ್ಡ ವಾದಕರಾಗಬೇಕಿಲ್ಲ. ಕೆಲವರು ಆರು ತಿಂಗಳಲ್ಲಿ ಬಿಟ್ಟಾರು, ಅದೂ ತಪ್ಪಲ್ಲ. ಆದರೆ ಬಿಡುವ ಮಗು ತನಗೆ ಇಷ್ಟವಿಲ್ಲವೆಂದು ಬಿಡಲಿ, ತನ್ನಿಂದಾಗದೆಂದು ನಂಬಿ ಬಿಡದಿರಲಿ. ಇಂದು ಸಂಜೆ ನಿಮ್ಮ ಬೀರುವಿನ ಮೇಲೊಮ್ಮೆ ಕಣ್ಣು ಹಾಯಿಸಿ. ಅಲ್ಲಿ ಗಿಟಾರೊಂದು ಮಲಗಿದ್ದರೆ ಕೆಳಗಿಳಿಸಿ, ಧೂಳು ಒರೆಸಿ, ಹನ್ನೆರಡನೆಯ ಫ್ರೆಟ್ ಮೇಲೆ ಅಳತೆಪಟ್ಟಿ ಇಟ್ಟು ನೋಡಿ.